ಗಾಳಿಮರೆ

ಆಷಾಢ. ಚಿಂತಾಮಣಿ ದಾಟಿದ ಮೇಲೆ
ಪಡುವಣದಿಂದ ನೇರ ಎದೆಗೇ ಬರುವ ಗಾಳಿ.
ಮೊಪೆಡ್ಡಿನ ಹಿಂದೆ ಎರಡು ಮೂಟೆ ರೇಷ್ಮೆಗೂಡು,
ತೂಗಿದರೆ ನಲವತ್ತು ಕೆಜಿ ಇಲ್ಲ,
ಗಾಳಿಯ ಲೆಕ್ಕದಲ್ಲಿ ಮಾತ್ರ
ಎರಡು ಬಾಗಿಲು ಬೆನ್ನಿಗೆ ಕಟ್ಟಿಕೊಂಡ ಹಾಗೆ.
ಹಗುರವಾದದ್ದನ್ನು ಹೊರುವುದೇ ಕಷ್ಟ ಅಂದರೆ
ಹುಳ ಸಾಕದವರು ನಗುತ್ತಾರೆ.

ಬೆಳಗಿನ ಐದಕ್ಕೆ ಶಿಡ್ಲಘಟ್ಟದ ಕಡೆಗೊಂದು ಲಾರಿ.
ಹಿಪ್ಪುನೇರಳೆ ತೋಟಗಳ ನಡುವೆ ಗೋಡೆ ಎದ್ದು ನಡೆದಂತೆ.
ಹಿಂದಿನ ದೀಪ ಎರಡರಲ್ಲಿ ಒಂದು ಒಡೆದಿದೆ,
ಹಲಗೆಯ ಮೇಲೆ 'ನಿಧಾನವೇ',
ಮುಂದಿನ ಪದಕ್ಕೆ ಕೆಸರು.

ಅದರ ಬೆನ್ನಿಗೆ ಸರಿದೆನೋ,
ಗಾಳಿ ಪಟ್ಟನೆ ನಿಲ್ಲುತ್ತದೆ.
ಕಿವಿ ಬಿಚ್ಚಿಕೊಳ್ಳುತ್ತದೆ. ಇಂಜಿನ್ನು ಉಸ್ಸೆನ್ನುತ್ತದೆ.
ಆಕ್ಸಿಲರೇಟರ್ ಹಿಡಿದ ಮುಷ್ಟಿ ತಾನಾಗಿ ಸಡಿಲ.
ಡೀಸೆಲ್ಲಿನ ಬಿಸಿ, ನಿನ್ನೆಯ ಟೊಮೆಟೊ ವಾಸನೆ,
ಅಷ್ಟರೊಳಗೆ ನನಗೊಂದು ಪುಟ್ಟ ಮನೆ,
ಗಂಟೆಗೆ ನಲವತ್ತು ಕಿಲೋಮೀಟರ್ ಓಡುವ ಮನೆ.

ಹುಳದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ:
ಪ್ರತಿ ಸಲ ಟೀ ಲೋಟದಷ್ಟು ಪೆಟ್ರೋಲು ಉಳಿತಾಯ,
ದುಡ್ಡಲ್ಲಿ ಹೇಳಿದರೆ, ಸರಿಯಾಗಿ ಒಂದು ಟೀ.
ಚಂದ್ರಿಕೆ ಕೊಡವುತ್ತ ಸಾಕಮ್ಮ ಕೇಳಿದಳು:
'ಲಾರಿ ನಿಂತರೆ? ಆ ಲೆಕ್ಕ ಎಲ್ಲಿ ಬರೆದೆ?'

ಹುಣಸೇನಹಳ್ಳಿ ಹತ್ತಿರ ಕುರಿಮಂದೆ.
ನನಗೆಲ್ಲಿ ಕಾಣಬೇಕು ಕುರಿ?
ನನ್ನ ಲೋಕವೆಲ್ಲ ಒಂದು ಹಲಗೆ.
ಕೆಂಪು ದೀಪ ಹೊತ್ತಿತಂತೆ.
ನಾನಿದ್ದದ್ದು ಒಡೆದ ದೀಪದ ಕಡೆ.

ಹೇಗೆ ಎಡಕ್ಕೆ ಎಳೆದೆನೋ, ಚರಂಡಿ.
ಒಂದು ಮೂಟೆ ಬಿರಿದು
ಗೂಡು ರಸ್ತೆ ತುಂಬ ಉರುಳಿದವು,
ಅಷ್ಟೊಂದು, ಸದ್ದೇ ಇಲ್ಲದೆ.
ಒಳಗಿನ ಹುಳಗಳಿಗೆ ಏನೂ ಗೊತ್ತಿಲ್ಲ.

ಡ್ರೈವರ್ ಇಳಿದು ಬಂದ. ಬೈಯಲಿಲ್ಲ.
ಇನಾಯತ್ ಅಂತ ಹೆಸರು.
ಕುಕ್ಕರುಗಾಲಲ್ಲಿ ಕೂತು ಗೂಡು ಆಯತೊಡಗಿದ,
ಕೈ ನಡುಗುತ್ತಿತ್ತು, ನನ್ನದಲ್ಲ, ಅವನದು.
'ಎಷ್ಟು ದಿನದಿಂದ ಹಿಂದೆ ಬರ್ತಿದ್ದೆ, ಪಿಳ್ಳಣ್ಣ?'
ಮೂರು ತಿಂಗಳು ಅಂದೆ.
'ನನ್ನ ಕನ್ನಡಿಯಲ್ಲಿ ಒಂದು ದಿನವೂ ನೀನಿರಲಿಲ್ಲ.'
ಆಮೇಲೆ, ಚಾಪೆ ಬಡಿದಂತೆ ಲುಂಗಿಯ ಧೂಳು ಬಡಿದು:
'ನನ್ನ ಕನ್ನಡಿ ನಿನಗೆ ಕಂಡರೆ ನೀನು ನನಗೆ ಕಂಡೆ.
ಅಷ್ಟು ದೂರ ಇರು. ಗಾಳಿ ಸ್ವಲ್ಪ ತಿನ್ನು.'

ಈಗ ತಿನ್ನುತ್ತೇನೆ.
ಹಿಂದೆ ಸರಿದಷ್ಟೂ ಗಾಳಿ ತನ್ನ ಪಾಲು ಕೇಳುತ್ತದೆ,
ಕೊಡುತ್ತೇನೆ. ಉಳಿಯುವುದು ಅರ್ಧ ಟೀ,
ಅದೂ ತಂಪು ಹೊತ್ತಿನಲ್ಲಿ, ಲಾರಿ ಸಿಕ್ಕ ದಿನ.
ಆ ಪುಟ್ಟ ಕನ್ನಡಿಯಲ್ಲಿ ಆಗಾಗ ಒಂದು ಬಿಳಿ ಗಡ್ಡ.

ಉಳಿದ ಕಾಸಲ್ಲಿ ನನ್ನ ಹ್ಯಾಂಡಲ್‌ಗೂ ಕನ್ನಡಿ ಹಾಕಿಸಿದೆ.
ಮೊದಲ ದಿನವೇ ಅದರಲ್ಲಿ
ಸೈಕಲ್ಲಿನ ಹುಡುಗನೊಬ್ಬ, ಹಾಲಿನ ಕ್ಯಾನು ಎರಡು,
ನನ್ನ ಮೂಟೆಗಳ ಮರೆಗೆ ತಲೆ ತಗ್ಗಿಸಿ ತುಳಿಯುತ್ತಿದ್ದಾನೆ.
ಎಷ್ಟು ದಿನದಿಂದಲೋ.

ಕೈ ಚಾಚಿ ಹಿಂದಿರು ಅನ್ನಬೇಕು.
ಅನ್ನುತ್ತೇನೆ.
ಈ ಏರೊಂದು ಹತ್ತಿಬಿಡಲಿ.