ಡಬ್ಬದ ತಳದ ಅಕ್ಷರ

ಸಲಾಲಾದ ಈ ಜ್ಯೂಸಂಗಡಿಯಲ್ಲಿ ನನಗೆ ಹನ್ನೊಂದು ವರ್ಷ.
ಬಲದಿಯಾದವರು ಬಂದರೆ ಮೊದಲು ನೋಡುವುದು ಕೈ:
ಗವಸು ಉಂಟೋ, ಇಲ್ಲವೋ.
ಉಂಟು ಸಾಯಿಬರೇ, ಬೆಳಿಗ್ಗೆ ಐದಕ್ಕೇ ಉಂಟು,
ಎಳೆದುಬಿಟ್ಟರೆ ಪಟ್ಟನೆ ಬಿಗಿಯುವ ಬಿಳಿ ರಬ್ಬರು,
ಒಳಗೆ ಮೈದಾದ ಹಾಗೆ ಉದುರುವ ಪುಡಿ.
ನನ್ನ ಕೈಯಿಂದ ಊರಿನ ಹೊಟ್ಟೆ ಕೆಡಬಾರದು, ಸರಿಯೇ.
ಗವಸಿನಿಂದ ನನ್ನ ಕೈ ಕೆಟ್ಟರೆ
ದಂಡ ಯಾರಿಗೆ?
ಆ ರಶೀದಿ ಇನ್ನೂ ಅಚ್ಚಾಗಿಲ್ಲ.

ಮೊದಲು ಬೆರಳ ಸಂದಿ. ಆಮೇಲೆ ಮಣಿಕಟ್ಟಿನ ಸುತ್ತ
ಬಳೆ ತೊಡಿಸಿದ ಹಾಗೆ ಕೆಂಪು.
ಸೋಪು ಬದಲಿಸು, ಎಂದ ಶಫೀಕುಲ್.
ತೆಂಗಿನೆಣ್ಣೆ ಹಚ್ಚಿ, ಎಂದಳು ಉಪ್ಪಿನಂಗಡಿಯಿಂದ ಅವ್ವಮ್ಮ.
ಖರೀಫಿನ ತೇವ ಅಷ್ಟೇ, ಎಂದರು ಕಾಕಾ,
ಗಲ್ಲೆಯಿಂದ ತಲೆಯೆತ್ತದೆ.
ಮಂಜು ಬೆಟ್ಟ ಬಿಟ್ಟು ಹೋಯಿತು.
ಕೈ ಹಾಗೇ ಇತ್ತು.

ಹೊಸ ಡಬ್ಬ ಒಡೆದಾಗಲೆಲ್ಲ ಸೀನು.
ಬೆಣ್ಣೆಹಣ್ಣಿನ ಜ್ಯೂಸು ರುಚಿ ನೋಡಿದರೆ
ನಾಲಗೆಯ ಬುಡದಲ್ಲಿ ಇರುವೆ ಹರಿದ ಹಾಗೆ.
ಬಾಳೆಹಣ್ಣೂ ಮುನಿಯಿತು.
ಕೆಲವರ ಮೈಯಲ್ಲಿ ರಬ್ಬರಿಗೂ ಈ ಹಣ್ಣುಗಳಿಗೂ ನಂಟಂತೆ;
ಕೊಯ್ಯುವ ಚಾಕುವಿಗೇನು ಗೊತ್ತು,
ನನಗೇನು ಗೊತ್ತು.

ದವಡೆಹಲ್ಲು ಕೀಳಿಸಲು ಹೋದದ್ದು ಒಂದು ಸೋಮವಾರ.
ಡಾಕ್ಟರ ಎರಡು ಬೆರಳು ಬಾಯೊಳಗೆ:
ಅದೇ ಬಿಳಿ, ಅದೇ ವಾಸನೆ.
ಹಲ್ಲು ಅಲುಗುವ ಮೊದಲೇ ತುಟಿ ಊದಿತು,
ಎದೆಯೊಳಗೆ ಕುಕ್ಕರಿನ ಸೀಟಿ,
ಮೇಲಿನ ದೀಪ ಎರಡಾಯಿತು, ನಾಲ್ಕಾಯಿತು.
ಇಂಜೆಕ್ಷನ್ ಒಗ್ಗಿಲ್ಲವೇನೋ, ಎಂದರು ಯಾರೋ.
ನರ್ಸು ಲೂರ್ದೆಸ್ ಮಾತ್ರ
ನನ್ನ ಮುಖ ಬಿಟ್ಟು ಕೈ ನೋಡಿದಳು.
"ಗವಸು! ಗವಸು ತೆಗೀರಿ!"
ಪ್ಯಾಂಟಿನ ಮೇಲಿಂದಲೇ ತೊಡೆಗೆ ಸೂಜಿ.
ಉಸಿರು ಮರಳಿ ಬಂತು, ಬಾವಿಯಿಂದ ಕೊಡಪಾನ ಬಂದ ಹಾಗೆ,
ಅರ್ಧ ಚೆಲ್ಲುತ್ತ.

ಆಮೇಲೆ ದೊಡ್ಡಾಸ್ಪತ್ರೆ. ರಕ್ತ ತೆಗೆದರು.
ಡಾಕ್ಟರ್ ಥುಮ್ನಾ ಕೇಳಿದರು:
ರಬ್ಬರಿನ ಕೆಲಸ ಮಾಡಿದ್ದುಂಟೇ?
ನಗು ಬಂತು.
ಹದಿನೇಳರಲ್ಲಿ, ನೆಲ್ಯಾಡಿಯ ಗುಡ್ಡದಲ್ಲಿ,
ಹಣೆಗೆ ಟಾರ್ಚು ಕಟ್ಟಿ
ದಿನಕ್ಕೆ ಮುನ್ನೂರು ಮರ ಗೀರಿದವನು ನಾನು.
ಬೆರಳಿಗಂಟಿ ಒಣಗಿದ ಹಾಲನ್ನು
ಸುಲಿದು, ಉಂಡೆ ಕಟ್ಟಿ, ಪುಟಿಸಿ ಆಡಿದವನು.
ಮರ ಆಗ ಏನೂ ಅನ್ನಲಿಲ್ಲ.
"ಮೈ ಲೆಕ್ಕ ಇಟ್ಟಿರುತ್ತದೆ," ಎಂದರು ಅವರು,
"ತಾಗಿದ್ದು ಎಷ್ಟು ಸಲ ಅಂತ."
ನಮ್ಮ ಕಾಕಾನ ಸಾಲದ ಪುಸ್ತಕವೂ ಹಾಗೇ.

ಮರುದಿನ ಶಫೀಕುಲ್ ನೀಲಿ ಗವಸು ತಂದ, ಭಾರೀ ಖುಷಿಯಲ್ಲಿ.
ಡಬ್ಬ ತಿರುಗಿಸಿದೆ.
ತಳದಲ್ಲಿ ಎಳ್ಳಿನಷ್ಟು ಅಕ್ಷರ: ಲ್ಯಾಟೆಕ್ಸ್.
ಬಣ್ಣಕ್ಕೇನು, ಯಾರೂ ಉಡಬಹುದು.
ನೈಟ್ರೈಲ್ ಎಂದು ಬರೆದದ್ದಕ್ಕೆ ಮೂರು ಅಂಗಡಿ ಅಲೆದೆವು,
ಡಬ್ಬಕ್ಕೆ ಇನ್ನೂರು ಬೈಸಾ ಹೆಚ್ಚು.
ನನಗೊಬ್ಬನಿಗೆ ಸಾಲದು ಕಾಕಾ,
ಆ ಪುಡಿ ಗಾಳಿಯಲ್ಲೂ ಬರುತ್ತದೆ, ಎಲ್ಲರದ್ದೂ ಬದಲಾಗಬೇಕು.
ಕಾಕಾ ಲೆಕ್ಕ ಹಾಕಿದರು, ನನ್ನ ತುಟಿ ನೋಡಿದರು,
ಮತ್ತೆ ಲೆಕ್ಕ ಹಾಕಲಿಲ್ಲ.

ಕೆಂಪು ಬಳೆಯಿದ್ದ ಜಾಗದಲ್ಲಿ ಈಗ ಉಕ್ಕಿನದ್ದೊಂದು,
ಅರಬಿಯಲ್ಲಿ, ಇಂಗ್ಲಿಷಿನಲ್ಲಿ ಕೊರೆದ ನನ್ನ ಶತ್ರುವಿನ ಹೆಸರು.
ಜೇಬಿನಲ್ಲಿ ಸೂಜಿ.
ಯಾವ ಆಸ್ಪತ್ರೆಗೆ ಹೋದರೂ
ನನ್ನ ಹೆಸರಿಗಿಂತ ಮೊದಲು ಅದನ್ನೇ ಹೇಳುತ್ತೇನೆ.
ನ್ಯಾಷನಲ್ ಡೇಗೆ ಬಾಗಿಲ ತುಂಬ ಬಲೂನು ಕಟ್ಟಿದ್ದರು,
ಆ ದಿನ ನಾನು ಹಿಂದಿನ ಬಾಗಿಲಿನವನು.

ನಿನ್ನೆ ಹೋಟೆಲಿನ ಕೋಣೆ ಗುಡಿಸುವ ವಾಂಜಿರು ಬಂದಳು,
ಎಂದಿನ ಹಾಗೆ ಕರಕ್ ಚಾ.
ಗ್ಲಾಸು ಹಿಡಿದ ಕೈ ಕೆಂಪು.
ಒಂದು ಕೈ ಇನ್ನೊಂದನ್ನು ಕೆರೆಯುತ್ತಿತ್ತು,
ಅವಳಿಗೇ ಗೊತ್ತಿಲ್ಲದೆ.
ಸೋಪಿರಬೇಕು, ಎಂದಳು.
ಇರಬಹುದು ತಂಗಿ, ಸೋಪೇ ಇರಬಹುದು,
ಅದನ್ನು ಹೇಳಬೇಕಾದವರು ಡಾಕ್ಟರು.
ಆದರೂ ನಾಳೆ ಬರುವಾಗ
ನಿನ್ನ ಗವಸಿನ ಡಬ್ಬ ತಾ.
ಖಾಲಿಯಾದರೂ ಸರಿ.