ಇಲ್ಲ ಎನ್ನುವ ಸ್ವಿಚ್ಚು

ಕೂಬರ್ ಪೀಡಿಯಲ್ಲಿ ಮನೆಗಳು ನೆಲದ ಕೆಳಗೆ,
ಟ್ರಕ್ಕುಗಳು ಮೇಲೆ.
ನಾವು ಗುಡ್ಡ ಕೊರೆದುಕೊಂಡ ತಂಪಿನಲ್ಲಿ ಹೊದ್ದು ಮಲಗುತ್ತೇವೆ,
ಅವು ಇರುಳಿಡೀ ಬಿಸಿ ಆರಿಸಿಕೊಳ್ಳುತ್ತ
ಟಿಣ್ ಟಿಣ್ ಎನ್ನುತ್ತವೆ.

ಐದೂವರೆಗೆ ಲ್ಯುಬಿಶಾ ಬಂದ.
ಪಕ್ಕದ ಸೀಟಿನಲ್ಲಿ ಮಿಲುಂಕಾ,
ಮಿಲುಂಕಾಳ ತೊಡೆಯ ಮೇಲೆ ಕೇಕು:
ಅಕ್ರೋಟಿನ ಹಿಟ್ಟು, ಕಿತ್ತಳೆ, ಚಾಕೊಲೇಟು,
ನೆತ್ತಿಗೆ ಮೊಟ್ಟೆಯ ಬಿಳಿನೊರೆ.
ಪೋರ್ಟ್ ಅಗಸ್ಟಾದಲ್ಲಿ ನಾಳೆ ಮೊಮ್ಮಗನಿಗೆ ಜ್ಞಾನಸ್ನಾನ.
ಐನೂರ ನಲವತ್ತು ಕಿಲೋಮೀಟರು,
ರೇಡಿಯೋದವನ ಲೆಕ್ಕದಲ್ಲಿ ನಲವತ್ತಾರು ಡಿಗ್ರಿ.
'ನಾನು ತಡೆದೇನು ಸ್ತಮಾತಾ,
ಇದು ತಡೆಯುವುದಿಲ್ಲ' ಎಂದಳು
ಕೇಕಿನ ಡಬ್ಬಿಗೆ ಅಂಗೈ ಒತ್ತಿ.

'ಗ್ಯಾಸು ಹಾಕು' ಎಂದ ಅವನು.
ಹೋದ ಬೇಸಿಗೆಯಲ್ಲೂ ಅದೇ ಮಾತು.
'ನಿನ್ನಪ್ಪ ಇದ್ದಿದ್ದರೆ
ಇಷ್ಟು ಹೊತ್ತಿಗೆ ಹಾಕಿ ಮುಗಿಸುತ್ತಿದ್ದ.'
ಹೌದು, ಅಪ್ಪ ಕೇಳಿದವರಿಗೆಲ್ಲ ಗ್ಯಾಸು ಹಾಕುತ್ತಿದ್ದ,
ಕೇಳಿದವರಿಗೆಲ್ಲ ಸಾಲವನ್ನೂ ಕೊಡುತ್ತಿದ್ದ.
ನಾನು ಮೊದಲು ಗೇಜು ಹಾಕಿದೆ.
ಮುಳ್ಳು ಎದ್ದು ನಿಂತಿತು:
ಇದೆ, ಬೇಕಾದಷ್ಟಿದೆ.

ಹಾಗಾದರೆ ಇಲ್ಲ ಎನ್ನುತ್ತಿರುವವರು ಯಾರು?

ಬಾನೆಟ್ಟಿನ ಕೆಳಗೆ, ಬೆಳ್ಳಿಬಣ್ಣದ ಡಬ್ಬಿಯ ಹೆಗಲ ಮೇಲೆ
ಹೆಬ್ಬೆರಳಷ್ಟು ಕಾವಲುಗಾರ.
ಒತ್ತಡ ಇಳಿದರೆ ಇವನು ವಿದ್ಯುತ್ತಿನ ದಾರಿ ಕಡಿಯಬೇಕು,
ಕಂಪ್ರೆಸರು ಒಣಗಿ ಸಾಯದಂತೆ.
ಅಷ್ಟೇ ಕೆಲಸ. ಒಳ್ಳೆಯ ಕೆಲಸವೇ.
ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೇವೆ;
ಇಲ್ಲಿ ಬೇಲಿ ಮೇಯಲೂ ಇಲ್ಲ,
ಒಡೆಯನನ್ನು ಒಳಗೆ ಬಿಡಲೂ ಇಲ್ಲ.

ಪ್ಲಗ್ಗು ಕಿತ್ತೆ. ತಲೆಗೂದಲಿನ ಪಿನ್ನು ಬಗ್ಗಿಸಿ
ಎರಡು ತೂತಿಗೂ ಒಂದೇ ಸಲ ಚುಚ್ಚಿದೆ.
'ಸ್ಟಾರ್ಟು ಮಾಡು.'
ಟಕ್.
ಕ್ಲಚ್ಚು ಕಚ್ಚಿತು, ಕಂಪ್ರೆಸರು ತಿರುಗಿತು,
ಲ್ಯುಬಿಶಾನ ಬಾಯಿ ತೆರೆದೇ ಇತ್ತು.
'ಪಿನ್ನು ಅಲ್ಲೇ ಇರಲಿ, ಹೊರಟುಬಿಡುತ್ತೇವೆ' ಎಂದ.
'ಬೇಡ' ಎಂದೆ. ಪಿನ್ನಿಗೆ ಹೌದು ಒಂದೇ ಗೊತ್ತು,
ಗ್ಯಾಸು ಸೋರಿ ಮುಗಿದ ಮೇಲೂ ಹೌದು ಎನ್ನುತ್ತದೆ.
ಅಂಥವರನ್ನು ನಂಬಿ
ಮರುಭೂಮಿ ದಾಟಬಾರದು.

ಹಳೆಯದನ್ನು ತಿರುಗಿಸಿ ಬಿಚ್ಚಿದೆ.
ಗ್ಯಾಸೆಲ್ಲ ಹೋಯಿತೆಂದು ಅವನು ಕೈ ಚಾಚಿದ.
ಪುಸ್, ಅಷ್ಟೇ, ಬೆಕ್ಕಿನ ಸೀನಿನಷ್ಟು;
ಕೆಳಗೊಂದು ಪುಟ್ಟ ವಾಲ್ವು ತಾನಾಗಿ ಬಾಯಿ ಮುಚ್ಚಿಕೊಂಡಿತ್ತು.
ಹೊಸ ಸ್ವಿಚ್ಚು ಡ್ರಾಯರಿನಲ್ಲಿತ್ತು,
ಹೋದ ತಿಂಗಳೇ ಅಡಿಲೇಡಿನಿಂದ ತರಿಸಿದ್ದು.
(ಅವನ ಟ್ರಕ್ಕು ನನ್ನ ಬಾಗಿಲ ಮುಂದೆ ಹಾದಾಗಲೆಲ್ಲ
ಕಿಟಕಿ ಇಳಿದೇ ಇರುತ್ತಿತ್ತು.
ನಾನು ಹೇಳಲಿಲ್ಲ. ಕೇಳುವವನೂ ಅಲ್ಲ.)
ಹಸಿರು ರಬ್ಬರಿನ ಉಂಗುರಕ್ಕೆ ಒಂದು ಹನಿ ಎಣ್ಣೆ,
ಬೆರಳಿನಿಂದ ಬಿಗಿ, ಮೇಲೆ ಕಾಲು ಸುತ್ತು.
ಜಾಸ್ತಿ ಬಿಗಿದರೆ ಮುರಿಯುವ ವಸ್ತುಗಳಿಗೆ
ಕೈಯೇ ಸ್ಪ್ಯಾನರು.

ಟಕ್.
ಮಿಲುಂಕಾ ಅಂಗೈಯ ಹಿಂಬದಿಯನ್ನು
ಗಾಳಿ ಬರುವ ಜಾಲರಿಗೆ ಹಿಡಿದಳು,
ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.
ಏನೂ ಹೇಳಲಿಲ್ಲ.
ಡಬ್ಬಿಯನ್ನು ನಡುವಿನ ಸೀಟಿಗೆ ಕೂರಿಸಿ
ಬೆಲ್ಟು ಹಾಕಿದಳು, ಆಮೇಲೆ ತನಗೆ.

ಲ್ಯುಬಿಶಾ ಜೇಬು ತಡಕಿ ಓಪಲಿನ ಚೂರೊಂದನ್ನು
ಬೆಂಚಿನ ಮೇಲಿಟ್ಟ. ಬಣ್ಣವೇ ಇಲ್ಲದ್ದು, ಬೂದಿಗಲ್ಲು,
ಕಾಸೂ ಹುಟ್ಟದು. ಅವನಿಗೆ ಗೊತ್ತು, ನನಗೂ ಗೊತ್ತು.
'ಉಳಿದದ್ದು ಬಂದ ಮೇಲೆ' ಎಂದ.
ಅಪ್ಪನ ಮಗಳು ನಾನು, ತಲೆ ಆಡಿಸಿದೆ.

ಧೂಳು ಇಳಿಯಿತು.
ಕೆಳಗೆ ಹೋಗಿ ಕಾಫಿ ಕಾಯಿಸಿ ಮತ್ತೆ ಮೇಲೆ ಬಂದು
ಹಳೆಯ ಸ್ವಿಚ್ಚಿನ ಎರಡು ಕಡ್ಡಿಗೂ ಮೀಟರಿನ ತುದಿ ಮುಟ್ಟಿಸಿದೆ.
ಬರಿ ಮೇಜು. ಗ್ಯಾಸಿಲ್ಲ, ಒತ್ತಡವಿಲ್ಲ, ಟ್ರಕ್ಕೂ ಇಲ್ಲ.
ಇಲ್ಲ, ಎಂದಿತು.

ಈ ಸಲ ನಿಜವನ್ನೇ ಹೇಳುತ್ತಿತ್ತು, ಪಾಪ.