ಮೂರು ಮಿಲಿಮೀಟರ್

ಬೀಡಿ ಎಲೆಗೆ ನೀರು ಬೇಕು.
ಒಣಗಿದ್ದನ್ನು ಸುರುಟಿದರೆ ಚಟ್ಟೆಂದು ಸೀಳುತ್ತದೆ.
ರಾತ್ರಿಯೇ ನೆನೆಸಿ, ಒದ್ದೆ ಗೋಣಿ ಹೊದಿಸಿ,
ಮಗುವಿನ ಹಾಗೆ ಮಲಗಿಸಬೇಕು.
ಮೂವತ್ತೊಂದು ವರ್ಷ ಎಲೆಗೆ ಕೊಟ್ಟ ನೀರು
ನನ್ನ ಕಣ್ಣಿಗೂ ಬೇಕಿತ್ತೆಂದು
ಯಾರಿಗೆ ಗೊತ್ತು?

ಮೊದಮೊದಲು ಮರಳು ಬಿದ್ದ ಹಾಗೆ.
ಕುಂಬಳೆ ಕಡಲಿನ ಗಾಳಿ ಎಂದೆ.
ಹೊಗೆಸೊಪ್ಪಿನ ಧೂಳು ಎಂದರು ಉಳಿದವರು.
ನಂಬಿದೆ. ತಡ್ಪೆಯ ಮುಂದೆ ಕೂತವಳು
ಬೇರೆ ಏನನ್ನು ನಂಬಲಿ?
ಬೆರಳು ಬಾತದ್ದು ಬೇರೆ ಲೆಕ್ಕ,
ಅದು ನೂಲಿನದು, ದಿನಕ್ಕೆ ಸಾವಿರ ಗಂಟಿನದು.
ಅದಕ್ಕೆ ಎಣ್ಣೆ,
ಇದಕ್ಕೆ ನಂದಿಬಟ್ಟಲ ಹೂವಿನ ನೀರು.

ವಾರಿಜಕ್ಕ ಸತ್ತ ದಿನ
ಅಂಗಳ ತುಂಬ ಅತ್ತರು.
ನನ್ನ ಕಣ್ಣು ಕೆಂಡ, ಒಂದು ಹನಿ ಇಲ್ಲ.
"ಒಡಹುಟ್ಟಿದವಳಂತೆ, ಕಲ್ಲು ನೋಡು ಕಲ್ಲು"
ಎಂದದ್ದು ಬೆನ್ನಿಗೆ ಕೇಳಿಸಿತು.

ಕಾಸರಗೋಡಿನ ಆಸ್ಪತ್ರೆಯಲ್ಲಿ
ಗೋಡೆಯ ಹಲಗೆಯೆಲ್ಲ ಮಲಯಾಳ.
ದೊಡ್ಡಕ್ಷರವನ್ನೂ ಓದಲಿಲ್ಲ ನಾನು.
ಹುಡುಗಿ ಗಾಬರಿಬಿದ್ದು ಏನೋ ಬರೆದುಕೊಂಡಳು.
"ಕಾಣ್ತದೆ ಮಗಾ, ಓದಲಿಕ್ಕೆ ಬರುವುದಿಲ್ಲ ಅಷ್ಟೆ.
ನನ್ನದು ಕನ್ನಡ ಶಾಲೆ, ಐದನೆಯವರೆಗೆ."
ಹಲಗೆ ತಿರುಗಿಸಿದಳು: ಮೂರು ಕಾಲಿನ ಒಂದೇ ಅಕ್ಷರ,
ಒಮ್ಮೆ ಮೇಲೆ ಕಾಲು, ಒಮ್ಮೆ ಬಲಕ್ಕೆ.
ಯಾವ ಕಡೆಗೆಂದು ಬೆರಳಲ್ಲಿ ತೋರಿಸಬೇಕು.
ಬೆರಳು ನೇರ ನಿಲ್ಲಲಿಲ್ಲ.

ಡಾಕ್ಟರ್ ಆಗ ನೋಡಿದ್ದು ಕಣ್ಣನ್ನಲ್ಲ.
ಎರಡೂ ಕೈ ತನ್ನ ಅಂಗೈಯಲ್ಲಿ ಇಟ್ಟುಕೊಂಡು
"ರಾವಿಲೆ ಕೈ ಮಡಕ್ಕಾನ್ ಪಟ್ಟುನ್ನುಂಡೋ?"
ಮಡಕ್ಕಾನ್, ಮಡಚು: ಇಷ್ಟು ನನಗೂ ತಿಳಿಯಿತು.
ಇಲ್ಲ ಡಾಕ್ಟ್ರೇ, ಗಂಜಿ ಬೇಯುವವರೆಗೆ
ಮುಷ್ಟಿ ಕಟ್ಟುವುದಿಲ್ಲ.
ಒಣ ಅವಲಕ್ಕಿ ನುಂಗಲು ನೀರು ಬೇಕೇ?
ಬೇಕು. ಅದು ಇವರಿಗೆ ಹೇಗೆ ಗೊತ್ತು!

ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ
ಐದು ನಿಮಿಷ.
ಬ್ರಾಂಚಿನಲ್ಲಿ ಚೆಕ್ಕಿಂಗಿಗೆ ಕೂತ ಹಾಗೆ ಕೂತೆ.
ಮೂರು ಮಿಲಿಮೀಟರ್.
ಹತ್ತು ದಾಟಬೇಕಿತ್ತಂತೆ.
ಅಕ್ಕನ ಪಾಲಿನದೂ ಸೇರಿ ಅಷ್ಟೆ.

ಗೆಣ್ಣಿನಲ್ಲಿ, ಕಣ್ಣಿನಲ್ಲಿ ಒಂದೇ ಜಗಳವಂತೆ.
ಮೈಯ ಕಾವಲಿನವರಿಗೆ ಮೈಯ ಗುರುತು ಮರೆತು
ಮನೆಯವರನ್ನೇ ಬಡಿಯುವುದು.
ಹೆಸರು ಕೂಗಿ ಚೀಟಿ ಕೊಟ್ಟರು:
ಜಲಜಾಕ್ಷಿ, ಐವತ್ತೆರಡು.
ಹೆಸರಿಗೆ ನಾನೊಬ್ಬಳೇ ನಕ್ಕೆ.

ಈಗ ಸೋಮವಾರಕ್ಕೆ ಹಳದಿ ಮಾತ್ರೆ,
ದಿನಕ್ಕೆ ನಾಲ್ಕು ಸಲ ಬಾಟಲಿಯ ಕಣ್ಣೀರು.
ಮುಚ್ಚಳ ತಿರುಗಿಸಲು ನನ್ನ ಕೈ ಬಾರದು,
ಪಕ್ಕದ ಮನೆಯ ರಂಸೀನ ಶಾಲೆಗೆ ಹೊರಡುವಾಗ
ತಿರುಗಿಸಿ ಕೊಟ್ಟು ಓಡುತ್ತಾಳೆ.

ನಿನ್ನೆ ಬ್ರಾಂಚಿನ ಜಗಲಿಯಲ್ಲಿ ಹಾಕಿಕೊಂಡೆ,
ಅರ್ಧ ಹನಿ ಕೆನ್ನೆಗೆ ಇಳಿಯಿತು.
ಕಟ್ಟು ತಳ್ಳುತ್ತಿದ್ದ ಮೊಯ್ದು ಕೈ ತಡೆದ:
"ಅಯ್ಯೋ ಜಲಜಕ್ಕ, ಎರಡು ಕಟ್ಟಿಗೆ ಯಾಕೆ ಅಳ್ತೀರಿ"
ಎಂದು ಆ ಎರಡನ್ನೂ ಒಳಗೆ ಸೇರಿಸಿದ.
ಒರೆಸಿಕೊಳ್ಳಲಿಲ್ಲ ನಾನು.
ರೈಲ್ವೆ ಗೇಟು ದಾಟುವವರೆಗೆ ಹಾಗೇ ಇರಲಿ ಎಂದುಕೊಂಡೆ.
ವಾರಿಜಕ್ಕನ ಮನೆ ಅದೇ ದಾರಿಯಲ್ಲಿದೆ.